ಕಿಲ್ಮರ್ ಬಹುಮಾನ

ಕಿಲ್ಮರ್ ಬಹುಮಾನವು ಔಷಧೀಯ ಸಸ್ಯಗಳು ಹಾಗೂ ಇತರ ನೈಸರ್ಗಿಕ ಔಷಧದ್ರವ್ಯಗಳ ಅಧ್ಯಯನವಾದ ಫಾರ್ಮಕಾಗ್ನಸಿ ವಿಷಯದಲ್ಲಿ ಉತ್ತಮ ಸಂಶೋಧನೆ ನಡೆಸಿದ ಔಷಧ ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ಥಾಪಿತವಾದ ಸ್ಮಾರಕ ಪ್ರಶಸ್ತಿ. ಔಷಧ ತಜ್ಞ ಫ್ರೆಡರಿಕ್ ಬಾರ್ನೆಟ್ ಕಿಲ್ಮರ್ (1851–1934) ಅವರು ತಮ್ಮ ಮರಣಶಾಸನದಲ್ಲಿ ಬಿಟ್ಟುಹೋದ ನಿಧಿಯಿಂದ ಇದು ಆರಂಭವಾಯಿತು. ನಿಧಿಯ ಹೊಣೆಯನ್ನು 1852ರಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಥಾಪನೆಯಾದ ಅಮೆರಿಕನ್ ಫಾರ್ಮಸ್ಯುಟಿಕಲ್ ಅಸೋಸಿಯೇಷನ್ ವಹಿಸಿಕೊಂಡಿತು.

ಫ್ರೆಡರಿಕ್ ಕಿಲ್ಮರ್

ಕಿಲ್ಮರ್ ನ್ಯೂಜೆರ್ಸಿ ರಾಜ್ಯದ ನ್ಯೂ ಬ್ರನ್ಸ್‌ವಿಕ್ ನಗರದಲ್ಲಿ ಔಷಧದಂಗಡಿ ನಡೆಸುತ್ತಿದ್ದರು. ಗಾಯಗಳಿಗೆ ಸೋಂಕು ತಗಲದಂತೆ ಚಿಕಿತ್ಸೆ ನೀಡುವ ವಿಧಾನಗಳನ್ನು ವಿವರಿಸುವ ಕೈಪಿಡಿಯೊಂದನ್ನು 1888ರಲ್ಲಿ ಸಂಪಾದಿಸಿದರು. ಮರುವರ್ಷ ಜಾನ್ಸನ್ ಅಂಡ್ ಜಾನ್ಸನ್ ಸಂಸ್ಥೆಯ ವೈಜ್ಞಾನಿಕ ವಿಭಾಗದ ಮುಖ್ಯಸ್ಥರಾಗಿ ಸೇರಿ, ಸುಮಾರು 45 ವರ್ಷಗಳ ಕಾಲ ಅಲ್ಲಿ ದುಡಿದರು. ಮೊದಲನೆಯ ಮಹಾಯುದ್ಧದಲ್ಲಿ, 1918ರಲ್ಲಿ, ಫ್ರಾನ್ಸ್‌ನಲ್ಲಿ ಮಡಿದ ಕವಿ ಜಾಯ್ಸ್ ಕಿಲ್ಮರ್ ಇವರ ಮಗ.

ಸಸ್ಯಮೂಲದ ಔಷಧಗಳಲ್ಲಿ ಕಿಲ್ಮರ್ ಅವರಿಗೆ ವಿಶೇಷ ಆಸಕ್ತಿಯಿತ್ತು. ಜಮೈಕಾದ ಶುಂಠಿಯ ಬಗ್ಗೆ ಹಾಗೂ ಪರಂಗಿ ಹಣ್ಣಿನ ಬಗ್ಗೆ ಅವರು ಲೇಖನಗಳನ್ನು ಬರೆದರು. ಪರಂಗಿಯ ಎಳೆಗಾಯಿಯಿಂದ ಒಸರುವ ಹಾಲಿನಲ್ಲಿ ಪ್ರೋಟೀನನ್ನು ಜೀರ್ಣಿಸಬಲ್ಲ ಪಪೇನ್ ಎಂಬ ಕಿಣ್ವವಿದೆ. ನೋವು ನಿವಾರಕ ಪಟ್ಟಿಗಳಲ್ಲಿ ಬಳಕೆಯಾಗುತ್ತಿದ್ದ ಬೆಲಡೋನ ಸಸ್ಯವೂ ಅವರ ಅಧ್ಯಯನದ ವಸ್ತುವಾಗಿತ್ತು.

ಅಧ್ಯಯನ ಕ್ಷೇತ್ರ

ಬೇರು, ತೊಗಟೆ, ಎಲೆ, ಬೀಜ ಮುಂತಾದವು ಒಣಗಿ ಪುಡಿಯಾದ ಮೇಲೆ ಒಂದನ್ನೊಂದು ಹೋಲುತ್ತವೆ. ಹೀಗಾಗಿ ಅಗ್ಗದ ಪದಾರ್ಥಗಳನ್ನು ಬೆರೆಸುವುದು ಸುಲಭ. ಬೆಲಡೋನದಂತಹ ಸಸ್ಯದಲ್ಲಿ ಇದು ಪ್ರಾಣದ ಪ್ರಶ್ನೆಯಾಗುತ್ತದೆ: ಅದರಲ್ಲಿರುವ ಅಟ್ರೋಪಿನ್ ಮೊದಲಾದ ಆಲ್ಕಲಾಯ್ಡ್‌ಗಳ ಪ್ರಮಾಣ ಕಡಿಮೆಯಾದರೆ ಔಷಧವು ಫಲಿಸದು, ಹೆಚ್ಚಾದರೆ ವಿಷವಾಗುತ್ತದೆ. ದ್ರವ್ಯದ ಬಣ್ಣ, ವಾಸನೆ, ರುಚಿ ಮತ್ತು ಆಕಾರವನ್ನು ಪರೀಕ್ಷಿಸುವುದು, ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ರಚನೆಯನ್ನು ಗುರುತಿಸುವುದು, ಸಕ್ರಿಯ ಘಟಕಗಳನ್ನು ರಾಸಾಯನಿಕವಾಗಿ ಅಳೆಯುವುದು ಫಾರ್ಮಕಾಗ್ನಸಿಯ ಮುಖ್ಯ ವಿಧಾನಗಳು.

ಬಹುಮಾನದ ಸ್ವರೂಪ

ಔಷಧ ವಿಜ್ಞಾನದ ಕಾಲೇಜುಗಳಲ್ಲಿ ಪದವಿ ಪೂರೈಸುತ್ತಿರುವ ವಿದ್ಯಾರ್ಥಿಗಳನ್ನು ಗಮನದಲ್ಲಿಟ್ಟುಕೊಂಡು ಈ ಬಹುಮಾನವನ್ನು ರೂಪಿಸಲಾಯಿತು. ಫಾರ್ಮಕಾಗ್ನಸಿಗೆ ಸಂಬಂಧಿಸಿದ ಸಂಶೋಧನಾ ಪ್ರಬಂಧದ ಗುಣಮಟ್ಟವೇ ಆಯ್ಕೆಯ ಆಧಾರವಾಗಿತ್ತು. ವೈಜ್ಞಾನಿಕ ಪ್ರಶಸ್ತಿಗಳಲ್ಲಿ ಹಲವು ದೀರ್ಘಕಾಲದ ಸಾಧನೆಗೆ ಸಲ್ಲುತ್ತವೆ; ಕಿಲ್ಮರ್ ಬಹುಮಾನವು ವೃತ್ತಿಯ ಹೊಸ್ತಿಲಲ್ಲಿರುವವರನ್ನು ಗುರುತಿಸುತ್ತಿದ್ದ ಕಾರಣ ಅವುಗಳಿಗಿಂತ ಭಿನ್ನವಾಗಿತ್ತು.

ಮಹತ್ವ

ಈ ಬಹುಮಾನ ಸ್ಥಾಪನೆಯಾದ ಕಾಲದಲ್ಲಿ ಔಷಧೋದ್ಯಮವು ಸಂಶ್ಲೇಷಿತ ರಾಸಾಯನಿಕಗಳತ್ತ ವಾಲುತ್ತಿತ್ತು. 1930ರ ದಶಕದಲ್ಲಿ ಸಲ್ಫಾ ಔಷಧಗಳು ಬಳಕೆಗೆ ಬಂದವು. ಅಂಗಡಿಯಲ್ಲೇ ಕಚ್ಚಾ ಮೂಲಿಕೆಯನ್ನು ಗುರುತಿಸಿ, ಕುಟ್ಟಿ, ಔಷಧ ಸಿದ್ಧಪಡಿಸುವ ಅಗತ್ಯ ಕುಗ್ಗುತ್ತಾ ಬಂದಂತೆ ಪಠ್ಯಕ್ರಮದಲ್ಲಿ ಫಾರ್ಮಕಾಗ್ನಸಿಯ ಸ್ಥಾನವೂ ಕಿರಿದಾಗತೊಡಗಿತು. ಆದರೆ ಸಸ್ಯಗಳಿಂದ ಹೊಸ ಔಷಧಗಳು ದೊರೆಯುವುದು ನಿಲ್ಲಲಿಲ್ಲ. 1952ರಲ್ಲಿ ಸರ್ಪಗಂಧದ ಬೇರಿನಿಂದ ರಕ್ತದೊತ್ತಡ ತಗ್ಗಿಸುವ ರೆಸರ್ಪಿನ್ ಅನ್ನು ಬೇರ್ಪಡಿಸಲಾಯಿತು. ಅದೇ ದಶಕದ ಕೊನೆಯಲ್ಲಿ ನಿತ್ಯಪುಷ್ಪ ಗಿಡದಿಂದ ಕ್ಯಾನ್ಸರ್ ಚಿಕಿತ್ಸೆಗೆ ನೆರವಾಗುವ ವಿನ್‌ಬ್ಲಾಸ್ಟಿನ್ ದೊರೆಯಿತು. ಇಂತಹ ಶೋಧಗಳಿಗೆ ಸಸ್ಯವನ್ನು ನಿಖರವಾಗಿ ಗುರುತಿಸಬಲ್ಲ ತರಬೇತಿ ಪಡೆದವರು ಬೇಕು. ಆ ಪರಿಣತಿಯು ಮುಂದಿನ ಪೀಳಿಗೆಗೆ ದಾಟಬೇಕಾದುದು ಪದವಿ ತರಗತಿಗಳಲ್ಲೇ ಆದುದರಿಂದ, ವಿದ್ಯಾರ್ಥಿಗಳ ಸಂಶೋಧನೆಗೆ ಮೀಸಲಾದ ಈ ಬಹುಮಾನವು ಔಷಧ ವಿಜ್ಞಾನದ ಇತಿಹಾಸದಲ್ಲಿ ಗಮನಾರ್ಹವಾಗಿದೆ.