ಓದುಗರ ಕೈಗೆ ಬರವಣಿಗೆ ಬಂದ ಮೇಲೆ: ಕೊಯಮತ್ತೂರು, ತಿರುಪ್ಪೂರು ಸೀಮೆಯ ಗ್ರಂಥಾಲಯಗಳು, 1948ರಿಂದ ಈಚೆಗೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದೆ.)



ಓದುಗರೇ ಬರೆಯುವ, ತಿದ್ದುವ, ಹಂಚುವ ಅಂತರಜಾಲ ಬಂದ ಮೇಲೆ ಗ್ರಂಥಾಲಯಕ್ಕೂ ಅದರ ಬಳಕೆದಾರರಿಗೂ ಏನಾಯಿತು ಅನ್ನೋದು ಇವತ್ತಿನ ವಿಷಯ. ನಮ್ಮ ವಿಭಾಗಗಳಲ್ಲಿ ಇದನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಪ್ರಶ್ನೆಯಾಗಿ ನೋಡ್ತೇವೆ. ಎಷ್ಟು ಗ್ರಂಥಪಾಲಕರಿಗೆ ವಿಕಿ ಗೊತ್ತು, ಎಷ್ಟು ಜನ ಬ್ಲಾಗ್ ಬಳಸ್ತಾರೆ ಅಂತ ಪ್ರಶ್ನಾವಳಿ ಹಂಚಿ ಶೇಕಡಾವಾರು ಲೆಕ್ಕ ಹಾಕ್ತೇವೆ. ನಾನು ಇದನ್ನು ಚರಿತ್ರೆಯ ಪ್ರಶ್ನೆಯಾಗಿ ಇಡ್ತಾ ಇದ್ದೇನೆ. ನನ್ನ ವಾದ ಇಷ್ಟು: ಗ್ರಂಥಾಲಯದಲ್ಲಿ ಓದುಗರು ಪಾಲ್ಗೊಳ್ಳುವುದು ಅಂತರಜಾಲದಿಂದ ಶುರುವಾದದ್ದಲ್ಲ. ಪ್ರತಿ ಕಾಲದಲ್ಲೂ ಅದಕ್ಕೊಂದು ಬಾಗಿಲಿತ್ತು, ಆ ಬಾಗಿಲಲ್ಲಿ ಏನಾದರೊಂದು ತೆತ್ತು ಒಳಗೆ ಹೋಗಬೇಕಿತ್ತು. ಹೊಸ ಬಾಗಿಲಲ್ಲಿ ಏನು ತೆರಬೇಕು, ಅದು ಯಾರ ಕೈಲಿ ಆಗುವುದಿಲ್ಲ ಅಂತ ನೋಡೋಣ.

ಕನ್ನಡದ ವೇದಿಕೆಯಲ್ಲಿ ಕೊಯಮತ್ತೂರಿನ ಮಾತು ಯಾಕೆ ಅಂತ ಕೇಳಬಹುದು. ಎರಡು ಕಾರಣ. ನನ್ನ ಊರು ಕೊಳ್ಳೇಗಾಲ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಅಂದ್ರೆ ಆ ಜಿಲ್ಲೆಯ ಗ್ರಂಥಾಲಯದ ಚರಿತ್ರೆಯಲ್ಲಿ ಕೆಲವು ವರ್ಷ ನಮ್ಮದೂ ಹೌದು. ಎರಡನೆಯದಾಗಿ, ಮನೆಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರ ಕುಟುಂಬಗಳು ಆ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ಅವರ ಮಾತು ಕನ್ನಡ, ಓದುಬರಹ ತಮಿಳು. ನನ್ನ ಪ್ರಶ್ನೆಗೆ ನಿಜವಾದ ಪರೀಕ್ಷೆ ಅಲ್ಲಿದೆ.

1. ಕರ ಕಟ್ಟುವ ಓದುಗ

ತಿರುಪ್ಪೂರಿನಲ್ಲಿ ಹುಟ್ಟಿದ ತಿ. ಸು. ಅವಿನಾಶಿಲಿಂಗಂ ಚೆಟ್ಟಿಯಾರ್ 1930ರಲ್ಲಿ ಕೊಯಮತ್ತೂರಿನಲ್ಲಿ ರಾಮಕೃಷ್ಣ ವಿದ್ಯಾಲಯ ಕಟ್ಟಿದವರು. ಸ್ವಾತಂತ್ರ್ಯದ ಹೊತ್ತಿಗೆ ಅವರು ಮದ್ರಾಸ್ ಪ್ರಾಂತ್ಯದ ಶಿಕ್ಷಣ ಸಚಿವರು. ಅವರ ಕಾಲದಲ್ಲೇ 1948ರ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಅದು. ಅದರ ಹಿಂದೆ ಎಸ್. ಆರ್. ರಂಗನಾಥನ್ ಅವರ ವರ್ಷಗಟ್ಟಲೆಯ ಒತ್ತಾಯ ಇತ್ತು.

ಕಾಯ್ದೆಯ ಜೀವ ಇರೋದು ಎರಡು ವಿಷಯದಲ್ಲಿ. ಜಿಲ್ಲೆಗೊಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ. ಅದಕ್ಕೆ ಹಣ ಬರೋದಕ್ಕೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ. ಅಲ್ಲಿಯವರೆಗೆ ಓದುಮನೆ ಅಂದ್ರೆ ಯಾರೋ ದಾನಿಯ ಉಪಕಾರ, ಇಲ್ಲವೇ ಚಂದಾ ಕೊಟ್ಟವರ ಕೂಟ. ಕರ ಬಂದ ಮೇಲೆ ಅದು ಜನರ ದುಡ್ಡಿನ ಸಂಸ್ಥೆಯಾಯಿತು, ಒಳಗೆ ಬಂದು ಕೂರೋದು ಹಕ್ಕಾಯಿತು. ಮುಂದೆ 1965ರ ಕರ್ನಾಟಕದ ಕಾಯ್ದೆಗೂ ಕರವೇ ಅಡಿಪಾಯ.

ಆದರೆ ಕರ ಕಟ್ಟಿದವನಿಗೆ ಪುಸ್ತಕದ ಮೇಲೆ ಮಾತಿರಲಿಲ್ಲ. ಯಾವ ಪುಸ್ತಕ ಬೇಕು, ಯಾವ ಭಾಷೆಯದು ಬೇಕು, ಯಾವ ತಲೆಬರಹದ ಕೆಳಗೆ ಇಡಬೇಕು ಅನ್ನೋದು ಮೇಲಿನ ತೀರ್ಮಾನ. ಓದುಗನ ಅಭಿಪ್ರಾಯಕ್ಕೆ ಇದ್ದದ್ದು ಮೇಜಿನ ಮೇಲಿನ ಸಲಹೆ ಪುಸ್ತಕವೊಂದೇ.

2. ವಾಸಕರ್ ವಟ್ಟಂ

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ತಮಿಳುನಾಡಿನ ಗ್ರಂಥಾಲಯಗಳ ವಾಸಕರ್ ವಟ್ಟಂ, ಅಂದ್ರೆ ಓದುಗರ ಬಳಗ. ಶಾಖಾ ಗ್ರಂಥಾಲಯಕ್ಕೆ ಬರುವ ನಿವೃತ್ತ ಮೇಷ್ಟ್ರು, ಅಂಗಡಿಯವರು, ಪರೀಕ್ಷೆಗೆ ಓದುವ ಹುಡುಗರು ಸೇರಿಕೊಂಡು ಪುಸ್ತಕ ಪರಿಚಯ ನಡೆಸ್ತಾರೆ, ಪುಸ್ತಕ ದಾನ ಕೇಳಿ ತರ್ತಾರೆ, ಕುರ್ಚಿ ಫ್ಯಾನು ಹಾಕಿಸ್ತಾರೆ. ಸಾವಿರ ರೂಪಾಯಿ ಕೊಟ್ಟವರನ್ನು ಪುರವಲರ್, ಅಂದರೆ ಪೋಷಕರು ಅಂತ ಹೆಸರು ಬರೆದು ಗೌರವಿಸ್ತಾರೆ.

ಇಲ್ಲಿ ತೆರಬೇಕಾದ್ದು ಹೊತ್ತು. ಸಂಜೆ ಹೊತ್ತಿಗೆ ಬಿಡುವಿರುವವರಿಗೆ ಬಳಗ ತೆರೆದಿದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಶಿಫ್ಟಿನ ಮೇಲೆ ಶಿಫ್ಟು ಮಾಡುವವರಿಗೆ, ಮನೆಯಲ್ಲೇ ಮಗ್ಗದ ಗುಂಡಿಯಲ್ಲಿ ಕೂತು ಹಬ್ಬದ ಆರ್ಡರು ಮುಗಿಸಬೇಕಾದ ಹೆಣ್ಣುಮಕ್ಕಳಿಗೆ ಅದು ದೂರವೇ. ಹಾಗಾಗಿ ಮೊಬೈಲು ಬಂದಾಗ ಇವರೇನೂ ಗ್ರಂಥಾಲಯ ಬಿಟ್ಟು ಹೋಗಲಿಲ್ಲ. ಗ್ರಂಥಾಲಯ ಇವರ ಹತ್ತಿರ ಬಂದೇ ಇರಲಿಲ್ಲ. ಬಳಕೆದಾರರು ಕಡಿಮೆಯಾದರು ಅಂತ ಬರೆಯುವಾಗ ನಾವು ಈ ವ್ಯತ್ಯಾಸ ಗಮನಿಸಬೇಕು.

3. ತಿದ್ದಬಹುದಾದ ಪುಟ

‘ಲೈಬ್ರರಿ 2.0’ ಅನ್ನೋ ಮಾತನ್ನು 2005ರಲ್ಲಿ ಚಲಾವಣೆಗೆ ತಂದವರು ಅಮೆರಿಕದ ಗ್ರಂಥಪಾಲಕ ಮೈಕೇಲ್ ಕೇಸಿ. ಸೇವೆಯನ್ನು ರೂಪಿಸುವಾಗಲೇ ಬಳಕೆದಾರರು ಜೊತೆಗಿರಬೇಕು ಅನ್ನೋದು ಅದರ ಸಾರ. ತಮಿಳಿನಲ್ಲಿ ಕೆಲಸ ಈ ಹೆಸರಿಗಿಂತ ಮೊದಲೇ ಶುರುವಾಗಿತ್ತು. 1998ರಲ್ಲಿ ಆರಂಭವಾದ ಪ್ರಾಜೆಕ್ಟ್ ಮದುರೈನಲ್ಲಿ ಬೇರೆ ಬೇರೆ ದೇಶಗಳ ಸ್ವಯಂಸೇವಕರು ಹಳೆಯ ತಮಿಳು ಕೃತಿಗಳನ್ನು ಟೈಪು ಮಾಡಿ, ಒಬ್ಬರದ್ದನ್ನು ಇನ್ನೊಬ್ಬರು ತಿದ್ದಿ, ಉಚಿತವಾಗಿ ಇಟ್ಟರು. 2003ರಲ್ಲಿ ಕನ್ನಡ ವಿಕಿಪೀಡಿಯವೂ ತಮಿಳು ವಿಕಿಪೀಡಿಯವೂ ಹುಟ್ಟಿದವು. 2010ರ ಜೂನ್‌ನಲ್ಲಿ ಕೊಯಮತ್ತೂರಿನಲ್ಲೇ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆದಾಗ ಜೊತೆಯಲ್ಲೇ ತಮಿಳು ಇಂಟರ್ನೆಟ್ ಸಮ್ಮೇಳನವೂ ಇತ್ತು. ಆ ಸಂದರ್ಭಕ್ಕಾಗಿ ಕಾಲೇಜು ವಿದ್ಯಾರ್ಥಿಗಳಿಗೆ ವಿಕಿಪೀಡಿಯ ಲೇಖನ ಸ್ಪರ್ಧೆ ಏರ್ಪಡಿಸಿದ್ದರು.

ಇದನ್ನು ಅದೇ ನೆಲದ ಇನ್ನೊಂದು ಕೆಲಸದ ಪಕ್ಕ ಇಟ್ಟು ನೋಡಿ. ಅವಿನಾಶಿಲಿಂಗಂ ಅವರೇ ಕಟ್ಟಿದ ತಮಿಳ್ ವಳರ್ಚ್ಚಿ ಕಳಗದಿಂದ ಕಲೈಕ್ಕಳಂಜಿಯಂ ಎಂಬ ತಮಿಳು ವಿಶ್ವಕೋಶ 1954ರಿಂದ 1968ರ ನಡುವೆ 10 ಸಂಪುಟಗಳಲ್ಲಿ ಬಂತು. ಪ್ರಧಾನ ಸಂಪಾದಕರು ಕೊಂಗುನಾಡಿನವರೇ ಆದ ಪೆರಿಯಸಾಮಿ ತೂರನ್. ವಿದ್ವಾಂಸರು ಬರೆದರು, ಸಂಪಾದಕ ಮಂಡಳಿ ಒಪ್ಪಿತು, ಗ್ರಂಥಾಲಯ ಕೊಂಡು ಪರಾಮರ್ಶನ ವಿಭಾಗದಲ್ಲಿ ಇಟ್ಟಿತು. ಓದುಗ ತಪ್ಪು ಕಂಡುಹಿಡಿದರೆ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಬಹುದಿತ್ತು, ಅದು ಶಿಸ್ತುಭಂಗ. ಐವತ್ತು ಚಿಲ್ಲರೆ ವರ್ಷಗಳಲ್ಲಿ ಅದೇ ಸೀಮೆಯ ಕಾಲೇಜು ಹುಡುಗಿಗೆ ‘ನೀನೇ ಬರಿ’ ಅಂತ ಆಹ್ವಾನ ಬಂತು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಗೆ ಬಿಟ್ಟಾಗ ಈ ಎರಡು ಲೋಕ ಒಂದಕ್ಕೊಂದು ಸೇರಿದವು. ಮಂಡಳಿ ಒಪ್ಪಿದ ಪಠ್ಯವನ್ನು ಸ್ವಯಂಸೇವಕರು ವಿಕಿಸೋರ್ಸಿಗೆ ಏರಿಸೋಕೆ ಶುರುಮಾಡಿದರು.

ಗ್ರಂಥಪಾಲಕರ ಆತಂಕವನ್ನು ಲಘುವಾಗಿ ನೋಡಬಾರದು. ಯಾರು ಬೇಕಾದರೂ ತಿದ್ದಬಹುದಾದರೆ ನಂಬೋದು ಹೇಗೆ? ವಿಕಿಯಲ್ಲಿ ಪ್ರತಿ ಪುಟಕ್ಕೂ ಇತಿಹಾಸದ ಪುಟ ಇರುತ್ತೆ, ಯಾರು ಯಾವಾಗ ಏನು ಬದಲಿಸಿದರು ಅಂತ. ಅದು ನಮ್ಮ ದಾಖಲಾತಿ ರಿಜಿಸ್ಟರಿನ ತಮ್ಮ ಇದ್ದ ಹಾಗೆ. ಆದರೆ ವಾಟ್ಸ್ಯಾಪಿನಲ್ಲಿ ಓಡಾಡುವ ಪಿಡಿಎಫ್‌ಗೆ ಈ ರಿಜಿಸ್ಟರು ಇಲ್ಲ. ಮೂಲ ಯಾವುದು, ಪುಟ ಬಿಟ್ಟುಹೋಗಿದೆಯಾ, ಲೇಖಕರ ಒಪ್ಪಿಗೆ ಇದೆಯಾ, ಏನೂ ತಿಳಿಯೋದಿಲ್ಲ. ಜನ ಬರೆದರೆ ಭಯ ಇಲ್ಲ. ದಾಖಲೆ ಇಲ್ಲದೆ ಬರೆದರೆ ಭಯ.

ಗ್ರಂಥಾಲಯದ ಒಳಗೂ ಈ ಬಾಗಿಲು ತೆರೆಯಬಹುದು. ನಮ್ಮ ಕಾಲೇಜುಗಳಲ್ಲಿ ಬಳಕೆಯಲ್ಲಿರುವ ಕೋಹಾ ತಂತ್ರಾಂಶದ ಕ್ಯಾಟಲಾಗಿನಲ್ಲಿ ಓದುಗರು ಟ್ಯಾಗು ಹಾಕಬಹುದು, ಅಭಿಪ್ರಾಯ ಬರೆಯಬಹುದು, ಈ ಪುಸ್ತಕ ತರಿಸಿ ಅಂತ ಸೂಚಿಸಬಹುದು. ಗ್ರಂಥಪಾಲಕರು ನೋಡಿ ಒಪ್ಪಿದ ಮೇಲೆ ಅದು ಎಲ್ಲರಿಗೂ ಕಾಣೋ ಹಾಗೆ ಇಡಬಹುದು. ಸಲಹೆ ಪುಸ್ತಕಕ್ಕೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಓದುಗರ ಮಾತು ಹುಡುಕಾಟದಲ್ಲಿ ಸಿಗುತ್ತೆ.

4. ಮಾತು ಕನ್ನಡ, ಅಕ್ಷರ ತಮಿಳು

ಈ ಹೊಸ ಬಾಗಿಲಲ್ಲಿ ತೆರಬೇಕಾದ್ದು ಲಿಪಿ ಮತ್ತು ಕೀಲಿಮಣೆ. ದೇವಾಂಗರ ವಿಷಯ ಹೇಳ್ತೇನೆ. ಕೊಯಮತ್ತೂರಿನ ರಾಜವೀದಿಯ ಸೌಡೇಶ್ವರಿ ಅಮ್ಮನ ಗುಡಿಯಿಂದ ವಿಜಯದಶಮಿಗೆ ಕತ್ತಿ ಹಾಕಿಕೊಳ್ಳುವ ಮೆರವಣಿಗೆ ಹೊರಡುತ್ತೆ. ನೋಡಲು ಬಂದವರ ಕೈಯಲ್ಲೆಲ್ಲ ಮೊಬೈಲು. ಅವತ್ತೇ ವೀಡಿಯೊಗಳು ಹರಿದಾಡ್ತವೆ, ತಲೆಬರಹ ತಮಿಳಿನಲ್ಲಿ. ಭಾಗವಹಿಸುವ ಅಂತರಜಾಲ ಅಂದ್ರೆ ಇದೇ ಅಲ್ವಾ? ಆದರೆ ನೀವು ಇಲ್ಲಿ ಕೂತು ಕನ್ನಡ ಲಿಪಿಯಲ್ಲಿ ಹುಡುಕಿದರೆ, ತಲೆಬರಹದ ಅಕ್ಷರ ಬೇರೆ ಆದ್ದರಿಂದ ಸುಲಭಕ್ಕೆ ಸಿಗೋದಿಲ್ಲ.

ಮನೆಮಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕನ್ನಡದ ಮಾತನ್ನು ತಮಿಳು ಅಕ್ಷರದಲ್ಲಿ ಬರೆದದ್ದನ್ನು ನಾನು ನೋಡಿದ್ದೇನೆ. ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಕ, ಗ ಎರಡಕ್ಕೂ ಒಂದೇ. ‘ಬೇಡ’ ಅಂತ ಬರೆದದ್ದನ್ನು ‘ಪೇಡ’ ಅಂತಲೂ ಓದಬಹುದು. ಮನೆಯವರಿಗೆ ತೊಂದರೆ ಇಲ್ಲ, ಕಿವಿಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ, ಹೊರಗಿನ ಸಂಶೋಧಕರಿಗೂ ಗೊತ್ತಾಗೋದಿಲ್ಲ. ಕನ್ನಡ ವಿಕಿಪೀಡಿಯಕ್ಕೆ ಬರೆಯಲು ಅವರಿಗೆ ಲಿಪಿ ಬರೋದಿಲ್ಲ. ತಮಿಳು ವಿಕಿಪೀಡಿಯದಲ್ಲಿ ಬರೆದರೆ ಬರೆದದ್ದು ಅವರ ಬಗ್ಗೆ ಇರಬಹುದು, ಅವರ ಮಾತಿನಲ್ಲಿ ಇರೋದಿಲ್ಲ. ಶಾಖಾ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ತರಿಸಿಟ್ಟರೂ ಓದಲು ಬಾರದು. ಹಳೆಯ ಬಾಗಿಲು, ಹೊಸ ಬಾಗಿಲು, ಎರಡರಲ್ಲೂ ಇವರು ಹೊರಗೇ ನಿಂತಿದ್ದಾರೆ. ಮಗ್ಗದ ಮಾತು, ಮದುವೆ ಸಾವಿನ ಹಾಡು, ಕುಲದ ಕತೆ ಗೊತ್ತಿರುವ ಹಿರಿಯರು ಹೋದರೆ ಅದಕ್ಕೆ ಇನ್ನೊಂದು ಪ್ರತಿ ಇಲ್ಲ.

5. ಗ್ರಂಥಾಲಯದ ಕೆಲಸ ಎಲ್ಲಿ ಉಳಿಯಿತು?

ಎಲ್ಲರೂ ಪ್ರಕಟಿಸಬಹುದಾದ ಕಾಲದಲ್ಲಿ ಗ್ರಂಥಾಲಯಕ್ಕೆ ಕೆಲಸ ಏನು ಅಂದ್ರೆ, ನನ್ನ ಉತ್ತರ: ಪಾಲ್ಗೊಳ್ಳಲು ಆಗದವರ ಪರವಾಗಿ ಬಾಗಿಲು ಹಿಡಿದು ನಿಲ್ಲೋದು. ದುಬಾರಿ ಏನಲ್ಲ. ಓದುಗರ ಬಳಗದ ಕಾಲೇಜು ಹುಡುಗರು ತಮ್ಮ ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಲಿ. ಯಾರು ಹೇಳಿದರು, ಯಾವ ಊರು, ಯಾವತ್ತು, ಯಾರಿಗೆಲ್ಲ ಕೇಳಿಸಬಹುದು ಅಂತ ಒಪ್ಪಿಗೆ ಬರೆಸಿಕೊಳ್ಳಲಿ. ಗ್ರಂಥಪಾಲಕರು ಅದಕ್ಕೆ ನಮೂದು ಮಾಡಲಿ. ನಮ್ಮ ಸೂಚೀಕರಣದ ನಿಯಮದಲ್ಲೇ ಭಾಷೆಗೊಂದು ಜಾಗ, ಲಿಪಿಗೊಂದು ಜಾಗ ಬೇರೆ ಬೇರೆ ಇದೆ. ಭಾಷೆ ಕನ್ನಡ, ಲಿಪಿ ತಮಿಳು ಅಂತ ಬರೆಯಲು ಯಾವ ಅಡ್ಡಿಯೂ ಇಲ್ಲ. ಶೀರ್ಷಿಕೆಯನ್ನು ಎರಡೂ ಲಿಪಿಯಲ್ಲಿ ಕೊಟ್ಟರೆ ಕೊಳ್ಳೇಗಾಲದಿಂದ ಹುಡುಕಿದರೂ ಸಿಗುತ್ತೆ, ಕೊಯಮತ್ತೂರಿನಿಂದ ಹುಡುಕಿದರೂ ಸಿಗುತ್ತೆ.

ಚರ್ಚೆಯಿಂದ

ಚಾಟಿನಲ್ಲಿ ಒಬ್ಬ ಅಧ್ಯಾಪಕರು ಕೇಳಿದ್ದಾರೆ: ‘ಅವರಿಗೆ ಕನ್ನಡ ಲಿಪಿ ಕಲಿಸೋದೇ ಸರಿಯಾದ ದಾರಿ ಅಲ್ಲವೇ? ತಮಿಳು ಅಕ್ಷರದಲ್ಲಿ ಬರೆದದ್ದನ್ನು ಕನ್ನಡ ಅಂತ ಕರೆದು ನಾವೇ ಕೈಬಿಟ್ಟ ಹಾಗಾಗುತ್ತೆ.’

ಸರ್, ಕಲಿಯಬೇಕು ಅನ್ನುವವರಿಗೆ ಕಲಿಸೋಣ. ಈರೋಡ್ ಜಿಲ್ಲೆಯ ತಾಳವಾಡಿಯಲ್ಲಿ ಕನ್ನಡ ಶಾಲೆಗಳಿವೆ, ಓದುಗರೂ ಇದ್ದಾರೆ. ಅಲ್ಲಿ ಪುಸ್ತಕ ಕೊಟ್ಟರೆ ಸಾಕು. ಕೊಯಮತ್ತೂರಿನ ನೇಕಾರರ ಸ್ಥಿತಿ ಬೇರೆ. ಅವರು ಲಿಪಿ ಕಲಿತ ಮೇಲೆ ಲೆಕ್ಕಕ್ಕೆ ತಗೊಳ್ತೇವೆ ಅಂದರೆ, ಎಪ್ಪತ್ತು ವರ್ಷದ ಅಜ್ಜಿಯ ಮಾತು ಅಷ್ಟು ದಿನ ಕಾಯೋದಿಲ್ಲ. ಬರಹ ಬಾರದವರ ಜನಪದ ಗೀತೆಗಳನ್ನು ಸಂಗ್ರಹಿಸಿದಾಗ ನಾವು ಅವರಿಗೆ ಮೊದಲು ಅಕ್ಷರ ಕಲೀರಿ ಅಂತ ಹೇಳಲಿಲ್ಲ. ಇಲ್ಲೂ ಅದೇ ನ್ಯಾಯ ಸಾಕು. ಮೊದಲು ದಾಖಲೆ ಆಗಲಿ, ಅವರ ಹೆಸರಿನಲ್ಲೇ, ಅವರ ಒಪ್ಪಿಗೆಯಿಂದಲೇ. ಲಿಪಿಯ ಚರ್ಚೆಯನ್ನು ಆಮೇಲೆ ಅವರನ್ನೇ ಕೂರಿಸಿಕೊಂಡು ಮಾಡೋಣ.