ಉಪಗ್ರಹದ ಕಣ್ಣಿನಲ್ಲಿ ನಲ್ಲಮಲದ ಎಲೆಯುದುರುವ ಕಾಲ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳು ಅಕ್ಟೋಬರ್ ತಿಂಗಳಲ್ಲಿ ಕೆಂಪು, ಹಳದಿ ಎಲೆಗಳಿಂದ ತುಂಬಿದ ಬೆಟ್ಟಗಳ ಛಾಯಾಚಿತ್ರಗಳನ್ನು ಕಳುಹಿಸುವುದು ನಮ್ಮ ಅನೇಕ ಮನೆಗಳಲ್ಲಿ ವಾಡಿಕೆ. ನಮ್ಮ ನಾಡಿನಲ್ಲಿ ಅಂಥ ಕಾಲವೇ ಇಲ್ಲವೆಂದು ಭಾವಿಸುವವರುಂಟು. ಆದರೆ ಮಾಘ, ಫಾಲ್ಗುಣ ಮಾಸಗಳಲ್ಲಿ ಹೈದರಾಬಾದಿನಿಂದ ಶ್ರೀಶೈಲಕ್ಕೆ ಹೋಗಿಬಂದವರು ನಲ್ಲಮಲದ ಕಾಡು ಬಣ್ಣಗೆಟ್ಟು ಬರಿದಾಗುವುದನ್ನು ಕಂಡಿರುತ್ತಾರೆ. ಯುಗಾದಿಯ ವೇಳೆಗೆ ಉತ್ತರ ಕರ್ನಾಟಕದಿಂದ ಕಾಲ್ನಡಿಗೆಯಲ್ಲಿ ಮಲ್ಲಿಕಾರ್ಜುನನ ದರ್ಶನಕ್ಕೆ ಬರುವ ಭಕ್ತರು ಹಾದುಹೋಗುವುದು ಇದೇ ಕಾಡನ್ನು. ಅಕ್ಕಮಹಾದೇವಿ ಐಕ್ಯಳಾದಳೆಂದು ನಂಬಲಾದ ಕದಳಿವನವೂ ಇಲ್ಲಿಯೇ ಇದೆ.

ಎಲೆ ಬಣ್ಣ ಬದಲಿಸುವುದೇಕೆ?

ಎಲೆಯ ಹಸಿರಿಗೆ ಪತ್ರಹರಿತ್ತು ಕಾರಣ. ಅದು ಕ್ಷೀಣಿಸಿದಾಗ ಒಳಗೆ ಮರೆಯಾಗಿದ್ದ ಹಳದಿ ವರ್ಣದ್ರವ್ಯಗಳು ಗೋಚರಿಸುತ್ತವೆ. ಕೆಲವು ಮರಗಳಲ್ಲಿ ಕೆಂಪು ವರ್ಣದ್ರವ್ಯವು ಹೊಸದಾಗಿ ಉತ್ಪತ್ತಿಯಾಗುತ್ತದೆ. ಶೀತದೇಶಗಳಲ್ಲಿ ಇದಕ್ಕೆ ಚಳಿ ಹಾಗೂ ಕಿರಿದಾಗುವ ಹಗಲು ಕಾರಣವಾದರೆ, ದಖ್ಖನಿನಲ್ಲಿ ಮುಖ್ಯ ಕಾರಣ ನೀರಿನ ಅಭಾವ. ತೇಗ, ಮತ್ತಿ, ದಿಂಡಿಗ ಮೊದಲಾದ ಮರಗಳು ಬೇಸಿಗೆಯಲ್ಲಿ ತೇವವನ್ನು ಉಳಿಸಿಕೊಳ್ಳಲೆಂದೇ ಎಲೆಗಳನ್ನು ಕಳಚುತ್ತವೆ. ದಿಂಡಿಗದ ಎಲೆ ಉದುರುವ ಮುನ್ನ ತಾಮ್ರವರ್ಣಕ್ಕೆ ತಿರುಗುತ್ತದೆ.

ಉಪಗ್ರಹ ಕಾಣುವ ಬಗೆ

ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಹೇರಳವಾಗಿ ಪ್ರತಿಫಲಿಸುತ್ತದೆ. ಉಪಗ್ರಹವು ಇವೆರಡನ್ನೂ ಅಳೆಯುತ್ತದೆ. ಇವುಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಸಸ್ಯ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, ಎಲೆ ತುಂಬಿದ ಕಾಡು ನೂರಕ್ಕೆ 50 ಪಾಲು ಅವಕೆಂಪನ್ನೂ 10 ಪಾಲು ಕೆಂಪನ್ನೂ ಪ್ರತಿಫಲಿಸಿತೆಂದರೆ, 40ನ್ನು 60ರಿಂದ ಭಾಗಿಸಿ ಸುಮಾರು 0.67 ಬರುತ್ತದೆ. ಎಲೆ ಒಣಗಿ ಅವು 30 ಮತ್ತು 20 ಆದಾಗ ಸೂಚ್ಯಂಕ 0.2ಕ್ಕೆ ಇಳಿಯುತ್ತದೆ. ವಾಡಿಕೆಯ ಉಪಗ್ರಹ ಚಿತ್ರಗಳಲ್ಲಿ ಅವಕೆಂಪನ್ನು ಕೆಂಪು ಬಣ್ಣದಿಂದ ತೋರಿಸುವುದರಿಂದ ಸಮೃದ್ಧ ಕಾಡು ಕೆಂಪಾಗಿಯೂ ಎಲೆಯುದುರಿದ ಕಾಡು ಮಂಕಾಗಿಯೂ ಕಾಣುತ್ತದೆ. ಅಂದರೆ ಕಣ್ಣಿಗೆ ಕಾಣುವುದಕ್ಕೆ ಇದು ತಿರುವುಮುರುವು.

ನಮ್ಮ ನಗರದ ಪಾತ್ರ

ಈ ವಿದ್ಯೆಗೆ ಹೈದರಾಬಾದು ತವರು. 1974ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದೂರ ಸಂವೇದನಾ ಸಂಸ್ಥೆ, 2008ರಲ್ಲಿ ಇಸ್ರೋದ ಭಾಗವಾಗಿ ರಾಷ್ಟ್ರೀಯ ದೂರ ಸಂವೇದನಾ ಕೇಂದ್ರವೆಂಬ ಹೆಸರು ಪಡೆಯಿತು. ಬಾಲಾನಗರದಲ್ಲಿ ಇದರ ಕಚೇರಿಯೂ ಶಾದ್‌ನಗರದಲ್ಲಿ ಭೂಕೇಂದ್ರವೂ ಇವೆ. 1988ರ ಮಾರ್ಚ್ 17ರಂದು ಉಡಾವಣೆಗೊಂಡ ಐ.ಆರ್.ಎಸ್.-1ಎ ಉಪಗ್ರಹದ ಚಿತ್ರಗಳು ಶಾದ್‌ನಗರಕ್ಕೇ ಬಂದಿಳಿದವು. 2003ರ ರಿಸೋರ್ಸ್‌ಸ್ಯಾಟ್-1ರ ಒಂದು ಕ್ಯಾಮೆರಾ 740 ಕಿ.ಮೀ. ಅಗಲದ ನೆಲವನ್ನು ಐದು ದಿನಗಳಿಗೊಮ್ಮೆ ನೋಡಬಲ್ಲುದಾಗಿತ್ತು. ಋತುಮಾನದ ಬದಲಾವಣೆಯನ್ನು ಹಿಂಬಾಲಿಸಲು ಇಂಥ ಪುನರಾವೃತ್ತಿಯೇ ಮುಖ್ಯ.

ಬೇಸಿಗೆಯ ಚಿತ್ರದಲ್ಲಿ ನಲ್ಲಮಲದ ಒಣ ಇಳಿಜಾರುಗಳು ಮಂಕಾದರೂ ಹಳ್ಳಗಳ ದಂಡೆ ಕೆಂಪು ಎಳೆಯಂತೆ ಉಳಿದಿರುತ್ತದೆ. ಕರ್ನಾಟಕದಲ್ಲಿಯೂ ಹಾಗೆಯೇ: ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡು ವರ್ಷವಿಡೀ ಕೆಂಪಾಗಿಯೇ ಇದ್ದರೆ, ಪೂರ್ವದ ಬಂಡೀಪುರದ ಕಡೆ ಬಣ್ಣ ಇಳಿಯುತ್ತದೆ.

ಇದರಿಂದೇನು ಪ್ರಯೋಜನ?

ಬೇಸಿಗೆಯ ಒಂದೇ ಚಿತ್ರವನ್ನು ನಂಬಿದರೆ ಜೀವಂತ ಕಾಡನ್ನು ನಾಶವಾದ ಕಾಡೆಂದು ಎಣಿಸುವ ಅಪಾಯವಿದೆ. ಆದ್ದರಿಂದಲೇ 1987ರಿಂದ ದೇಶದ ಅರಣ್ಯ ವರದಿಯನ್ನು ಪ್ರಕಟಿಸುತ್ತಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ, ಮರಗಳಲ್ಲಿ ಎಲೆಯಿರುವ ಅಕ್ಟೋಬರ್‌-ಡಿಸೆಂಬರ್ ಅವಧಿಯ ಚಿತ್ರಗಳನ್ನು ಆರಿಸಿಕೊಳ್ಳುತ್ತದೆ.

ಎರಡನೆಯದು ಬೆಂಕಿ. ಉದುರಿದ ಎಲೆಯೇ ಕಾಡಿನ ಇಂಧನ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡು ಸುಟ್ಟಿದೆಯೆಂಬುದನ್ನು ಹೈದರಾಬಾದಿನ ಕೇಂದ್ರವು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿತು. ಯಾವ ಇಳಿಜಾರು ಮೊದಲು ಒಣಗುತ್ತದೆಂದು ತಿಳಿದರೆ ಕಾವಲನ್ನು ಅಲ್ಲಿಯೇ ಬಿಗಿಗೊಳಿಸಬಹುದು.

ಆದರೆ ಉಪಗ್ರಹವು ಬೆಂಕಿಯನ್ನು ತೋರಿಸಬಲ್ಲುದೇ ಹೊರತು ಆರಿಸಲಾರದು. ನಮ್ಮ ಕಾಡಿನ ಬೆಂಕಿ ಬಹುಪಾಲು ಮನುಷ್ಯರಿಂದಲೇ ಹೊತ್ತುವಂಥದು. ಶಿವರಾತ್ರಿಗೋ ಯುಗಾದಿಗೋ ಶ್ರೀಶೈಲಕ್ಕೆ ಹೊರಡುವ ನಮ್ಮ ಕುಟುಂಬಗಳು ದಾರಿಯಲ್ಲಿ ಒಲೆ ಹೂಡದಿರುವುದು, ಉರಿಯುವ ಕಡ್ಡಿ ಎಸೆಯದಿರುವುದು ಒಳಿತು. ಬೋಳಾಗಿ ನಿಂತ ಆ ಮರಗಳು ಸತ್ತಿಲ್ಲ, ಮಳೆಗಾಗಿ ಕಾದಿವೆ.