ಜಾಡಿಯ ಮೇಲೆ ಕೊರೆದ ಹೆಸರು

ಅಮೆರಿಕದ ಕಪ್ಪು ಜನರ ಕಲಾಚರಿತ್ರೆಯನ್ನು ನಾವು ಸಾಮಾನ್ಯವಾಗಿ 1920ರ ದಶಕದ ಹಾರ್ಲೆಮ್‌ನಿಂದ ಶುರು ಮಾಡುತ್ತೇವೆ. ಕ್ಯಾನ್ವಾಸು, ಗ್ಯಾಲರಿ ಇದ್ದಲ್ಲಿ ಮಾತ್ರ ಕಲೆ ಇರುತ್ತದೆ ಅನ್ನೋ ಯಜಮಾನ ಸಂಸ್ಕೃತಿಯ ನಂಬಿಕೆ ಇದರ ಹಿಂದಿದೆ. ನಾನು ಈ ಚರಿತ್ರೆಯನ್ನು ಕುಂಬಾರನ ತಿಗರಿಯಿಂದ ಓದಬಯಸುತ್ತೇನೆ.

ದಕ್ಷಿಣ ಕೆರೊಲಿನಾದ ಎಡ್ಜ್‌ಫೀಲ್ಡ್ ಪ್ರದೇಶದಲ್ಲಿ ಡೇವ್ ಎಂಬ ಗುಲಾಮ ಕುಂಬಾರನಿದ್ದ. ಉಪ್ಪು ಹಾಕಿದ ಮಾಂಸ ತುಂಬಿಡುವ ದೊಡ್ಡ ದೊಡ್ಡ ಜಾಡಿಗಳನ್ನು ಮಾಡುತ್ತಿದ್ದ. ಹಸಿಮಣ್ಣಿನ ಮೇಲೆ ತನ್ನ ಹೆಸರು, ತಾರೀಖು, ಕೆಲವೊಮ್ಮೆ ಎರಡು ಸಾಲಿನ ಪದ್ಯ ಕೊರೆಯುತ್ತಿದ್ದ. ಗುಲಾಮರಿಗೆ ಓದುಬರಹ ಕಲಿಸುವುದು ಅಪರಾಧ ಎಂದು ಆ ರಾಜ್ಯ 1834ರಲ್ಲಿ ಕಾನೂನು ಮಾಡಿತು. ಡೇವ್ ಆಮೇಲೂ ಕೊರೆದ. ಜಾಡಿಯೂ ಒಡೆಯನದು, ಕುಂಬಾರನೂ ಒಡೆಯನ ಸ್ವತ್ತು. ಅಂಥದ್ದರಲ್ಲಿ ಹೆಸರು ಬರೆಯೋದು ಅಲಂಕಾರವಲ್ಲ, ಹಕ್ಕಿನ ಮಾತು.

ಹ್ಯಾರಿಯೆಟ್ ಪವರ್ಸ್ ಕೂಡ ಗುಲಾಮಗಿರಿಯಲ್ಲಿ ಹುಟ್ಟಿದವಳು. ಜಾರ್ಜಿಯಾದಲ್ಲಿ ಬಟ್ಟೆಯ ತುಂಡುಗಳಿಂದ ಬೈಬಲ್ಲಿನ ಕಥೆಗಳನ್ನು ಕೌದಿಯ ಮೇಲೆ ಹೊಲಿದಳು. 1886ರಲ್ಲಿ ಅದನ್ನು ಮೇಳವೊಂದರಲ್ಲಿ ಕಂಡ ಬಿಳಿಯ ಚಿತ್ರಕಲಾ ಶಿಕ್ಷಕಿ ಕೇಳಿದಾಗ ಮಾರಲಿಲ್ಲ. ಕೆಲವು ವರ್ಷಗಳ ನಂತರ ಕೈ ಬರಿದಾದಾಗ 10 ಡಾಲರ್ ಕೇಳಿ 5 ಡಾಲರಿಗೆ ಕೊಟ್ಟಳು. ಒಂದೊಂದು ಚಿತ್ರದ ಅರ್ಥವನ್ನೂ ಬಿಡಿಸಿ ಹೇಳಿದಳು, ಕೊಂಡವಳು ಬರೆದಿಟ್ಟುಕೊಂಡಳು. ಇವತ್ತು ಆ ಕೌದಿ ವಾಷಿಂಗ್ಟನ್ನಿನ ಚರಿತ್ರೆಯ ಮ್ಯೂಸಿಯಂನಲ್ಲಿದೆ. ಅವಳದೇ ಇನ್ನೊಂದು ಕೌದಿ ಬಾಸ್ಟನ್ನಿನ ಲಲಿತಕಲಾ ಮ್ಯೂಸಿಯಂನಲ್ಲಿದೆ. ಹೊಲಿದ ಕೈ ಒಂದೇ. ಒಂದು ಚರಿತ್ರೆ, ಇನ್ನೊಂದು ಕಲೆ! ಹಾಗಾದರೆ ಇದನ್ನು ತೀರ್ಮಾನಿಸುವವರು ಯಾರು?

ಈ ಪ್ರಶ್ನೆ 1969ರಲ್ಲಿ ಬೀದಿಗೆ ಬಂತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಹಾರ್ಲೆಮ್ ಕುರಿತು ದೊಡ್ಡ ಪ್ರದರ್ಶನ ಏರ್ಪಡಿಸಿತು. ವ್ಯಾನ್ ಡರ್ ಜೀ ಅವರಂಥ ಕಪ್ಪು ಛಾಯಾಗ್ರಾಹಕರ ಫೋಟೋಗಳು ಇದ್ದವು, ನಿಜ. ಆದರೆ ಹಾರ್ಲೆಮ್ಮಿನ ಚಿತ್ರಕಾರರ, ಶಿಲ್ಪಿಗಳ ಕೃತಿಗಳಿಗೆ ಜಾಗವಿರಲಿಲ್ಲ. ಬೆನ್ನಿ ಆಂಡ್ರೂಸ್ ಮುಂತಾದ ಕಲಾವಿದರು ಬಾಗಿಲಲ್ಲಿ ನಿಂತು ಪ್ರತಿಭಟಿಸಿದರು. ನಮ್ಮ ಬದುಕು ನಿಮಗೆ ವಸ್ತುವಾಗಬಹುದು, ನಾವು ಕರ್ತೃಗಳಾಗಬಾರದೇ ಎಂಬುದು ಆ ಪ್ರತಿಭಟನೆಯ ತಿರುಳು.

1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರರು ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ಹೆಸರು ಪಡೆದರು. ಅವರ ಸಿಟ್ಟು ನಮಗೆ ತಲುಪಿತು. ಅವರ ಕಲಾವಿದರ ಈ ಪ್ರಶ್ನೆ ನಮ್ಮ ವಿಮರ್ಶೆಗೆ ಇನ್ನೂ ಸರಿಯಾಗಿ ತಲುಪಿಲ್ಲ. ಚರ್ಮ ಹದಮಾಡುವ, ತಮಟೆ ಬಿಗಿಯುವ ಕೆಲಸವನ್ನು ನಾವು ಈಗಲೂ 'ಕುಲಕಸುಬು' ಎಂದು ಪಕ್ಕಕ್ಕಿಡುತ್ತೇವೆ. ಹಾಗಂತ ಅದನ್ನು 'ಮಹಾನ್ ಕಲೆ' ಎಂದು ಹೊಗಳಿಬಿಟ್ಟರೂ ಮುಗಿಯದು. ಜಾತಿ ಹೇರಿದ ಕಸುಬನ್ನು ಹೊಗಳುವುದು ಸಂಕೋಲೆಗೆ ಹೂ ಮುಡಿಸಿದಂತೆ. ಜಾಡಿ ಚೆಂದ ಇದೆ ಅಂದ ಮಾತ್ರಕ್ಕೆ ಗುಲಾಮಗಿರಿ ಚೆಂದ ಆಗುತ್ತದೆಯೇ?

ಹಾಗಾಗಿ ನಮ್ಮ ವಿಮರ್ಶೆ ಕೇಳಬೇಕಾದ್ದು ಹೊಗಳಿಕೆಯನ್ನಲ್ಲ. ಮಾಡಿದವರ ಹೆಸರನ್ನು, ಒಡೆತನವನ್ನು, ಕಸುಬನ್ನು ಬಿಡುವ ಸ್ವಾತಂತ್ರ್ಯವನ್ನು. ಬಿಡುಗಡೆಯ ನಂತರ ಡೇವ್ ಡೇವಿಡ್ ಡ್ರೇಕ್ ಆದ. 2025ರಲ್ಲಿ ಬಾಸ್ಟನ್ನಿನ ಅದೇ ಲಲಿತಕಲಾ ಮ್ಯೂಸಿಯಂ ಅವನ ಎರಡು ಜಾಡಿಗಳ ಒಡೆತನವನ್ನು ಅವನ ವಂಶಸ್ಥರಿಗೆ ಬಿಟ್ಟುಕೊಟ್ಟಿತು. ಹಸಿಮಣ್ಣಿನ ಮೇಲೆ ಕೊರೆದ ಹೆಸರಿಗೆ ನ್ಯಾಯ ಸಿಗಲು ನೂರೈವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹೆಸರು ಕೊರೆಯಲೂ ಬಿಡದ ನಮ್ಮವರ ಕೆಲಸದ ಲೆಕ್ಕವನ್ನು ಎಲ್ಲಿಂದ ಶುರು ಮಾಡೋಣ?